ಬ್ಯಾಟರಿ ಬದಲಿಸುವ ಮುನ್ನ: ಗಾಡಿಯ ಸೋಲಾರ್ ಚಾರ್ಜ್ ನಿಲ್ಲದಿದ್ದರೆ ಏನು ನೋಡಬೇಕು?



ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಹತ್ತು ಮಂದಿ ಕನ್ಯೆಯರ ಸಾಮತಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಹತ್ತೂ ಜನರ ಕೈಯಲ್ಲಿ ದೀಪ ಇತ್ತು. ಐವರ ದೀಪ ನಡುರಾತ್ರಿ ಆರುವ ಹಾಗಾಯಿತು. ಆ ಐವರ ದೀಪ ಕೆಟ್ಟಿರಲಿಲ್ಲ, ಎಣ್ಣೆ ಸಾಲದೆ ಹೋಗಿತ್ತು. ಅವರು ಹೊಸ ದೀಪ ಕೊಂಡಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ.

ನಮ್ಮ ಸಂಘಗಳಲ್ಲಿ ಸೋಲಾರ್ ದೀಪಕ್ಕೆ ಸಾಲ ತೆಗೆದುಕೊಂಡವರು "ಬ್ಯಾಟರಿ ಹೋಯಿತು, ಚಾರ್ಜ್ ನಿಲ್ಲೋದಿಲ್ಲ" ಎಂದು ಬರುವಾಗಲೆಲ್ಲ ನಮಗೆ ಈ ಸಾಮತಿ ನೆನಪಾಗುತ್ತದೆ. ಬ್ಯಾಟರಿ ಎನ್ನುವುದು ಎಣ್ಣೆ ತುಂಬಿಡುವ ಪಾತ್ರೆ ಇದ್ದ ಹಾಗೆ. ಪಾತ್ರೆ ಖಾಲಿ ಇದೆ ಎಂದ ಮಾತ್ರಕ್ಕೆ ಪಾತ್ರೆ ತೂತಾಗಿದೆ ಎಂದು ಅರ್ಥ ಅಲ್ಲ. ಅದಕ್ಕೆ ಎಷ್ಟು ಬೀಳುತ್ತಿದೆ, ಅದರಿಂದ ಎಷ್ಟು ಹೋಗುತ್ತಿದೆ ಎಂದು ಮೊದಲು ನೋಡಬೇಕು. ಈ ಪಾಠದಲ್ಲಿ ಅದನ್ನು ಹಂತ ಹಂತವಾಗಿ ಕಲಿಯೋಣ.

ಒಂದು ಗಾಡಿಯ ಕಥೆ

ಹಂಪಿ ಬಜಾರಿನ ಹತ್ತಿರ ಗಾಡಿ ನಿಲ್ಲಿಸಿ ಇಡ್ಲಿ, ಮಿರ್ಚಿ, ಮಂಡಕ್ಕಿ ಒಗ್ಗರಣೆ ಮಾರುವ ಒಂದು ಕುಟುಂಬ ನಮ್ಮ ಸಂಘದಲ್ಲಿದೆ. ಮೊದಲು ಇವರ ಅಂಗಡಿ ಬಜಾರಿನ ಸಾಲುಮಂಟಪದಲ್ಲೇ ಇತ್ತು. 2011ರ ಜುಲೈಯಲ್ಲಿ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದಾಗ ಇವರೂ ಜಾಗ ಕಳೆದುಕೊಂಡರು. ಪುನರ್ವಸತಿಯ ಜಾಗ ಸಿಕ್ಕಿದ್ದು ಕಡ್ಡಿರಾಂಪುರದಲ್ಲಿ. ಅಲ್ಲಿ ಮನೆ ಆದೀತು, ಗಿರಾಕಿ ಎಲ್ಲಿಂದ ಬರಬೇಕು? ಕೊನೆಗೆ ಹಳೆಯ ಗೂಡ್ಸ್ ಗಾಡಿಯೊಂದನ್ನು ಕೊಂಡು ಅದರಲ್ಲೇ ಅಂಗಡಿ ಮಾಡಿದರು. ಹಂಪಿಯಲ್ಲಿ ಜನ ಕಡಿಮೆಯಾದಾಗ ಹೊಸಪೇಟೆ, ಸಂಡೂರು, ಕಂಪ್ಲಿಯ ಸಂತೆ, ಜಾತ್ರೆಗಳಿಗೆ ಹೋಗುತ್ತಾರೆ. ಜಾತ್ರೆಯ ದಿನಗಳಲ್ಲಿ ಗಾಡಿಯಲ್ಲೇ ಮಲಗುತ್ತಾರೆ. ಹೊರದೇಶದ ಪ್ರವಾಸಿಗರು ಮಲಗುವ ವ್ಯವಸ್ಥೆ ಇರುವ ವ್ಯಾನಿನಲ್ಲಿ ಬರುವುದನ್ನು ಹಂಪಿಯವರು ನೋಡಿದ್ದೀರಿ, ಅದಕ್ಕೆ ಕ್ಯಾಂಪರ್ ಎನ್ನುತ್ತಾರೆ. ಇದೂ ಒಂದು ರೀತಿಯಲ್ಲಿ ಕ್ಯಾಂಪರೇ. ವ್ಯತ್ಯಾಸ ಇಷ್ಟೇ, ಇದರಲ್ಲಿ ಇರುವವರು ಹೊಟ್ಟೆಪಾಡಿಗಾಗಿ ತಿರುಗುತ್ತಾರೆ.

ಗಾಡಿಯ ಮಾಡಿನ ಮೇಲೆ 100 ವ್ಯಾಟ್‌ನ ಒಂದು ಪ್ಯಾನೆಲ್. ಒಳಗೆ ಚಾರ್ಜ್ ಕಂಟ್ರೋಲರ್, 12 ವೋಲ್ಟಿನ ಬ್ಯಾಟರಿ, ಚಟ್ನಿಯ ಮಿಕ್ಸರ್‌ಗಾಗಿ ಒಂದು ಚಿಕ್ಕ ಇನ್ವರ್ಟರ್. ಮೊದಲು ಹಾಕಿದ್ದು ಗುಜರಿಯಿಂದ ತಂದ ಹಳೆಯ ವಾಹನದ ಬ್ಯಾಟರಿ. ಅದು ಕೆಲವೇ ತಿಂಗಳಿಗೆ ಹೋಯಿತು. ಆಮೇಲೆ ಸಂಘದಿಂದ ಸಾಲ ಪಡೆದು 100 ಎ.ಎಚ್.ನ ಹೊಸ ಟ್ಯೂಬುಲರ್ ಬ್ಯಾಟರಿ ಹಾಕಿದರು. ನಾಲ್ಕು ತಿಂಗಳು ಕಳೆಯುವುದರೊಳಗೆ ಆ ತಾಯಿ ಮತ್ತೆ ಬಂದರು.

"ಸಿಸ್ಟರ್, ಏಳಕ್ಕ ಹಚ್ಚಿದ ಲೈಟು ಎಂಟೂವರಿಗೆ ಆರಿ ಹೋಗತೈತ್ರಿ. ಗಿರಾಕಿ ಬರೋ ಹೊತ್ತಿಗೇ ಕತ್ತಲಿ. ಮಗಳು ಎಸ್.ಎಸ್.ಎಲ್.ಸಿ., ಗಾಡಿ ಹಿಂದ ಕುಂತು ಓದ್ತಿದ್ಲು, ಅಕಿಗೂ ಬೆಳಕಿಲ್ಲ. ಇನ್ನೊಂದು ಬ್ಯಾಟರಿಗೆ ಸಾಲ ಕೊಡ್ರಿ."

ಸಂಘದ ಸಭೆಯಲ್ಲಿ ಮಾತು ಎರಡಾಯಿತು. "ಪಾಪ, ಕೊಡೋಣ" ಎಂದರು ಕೆಲವರು. "ಹಳೆ ಸಾಲದ ಕಂತೇ ನಿಂತೈತಿ, ಇದು ಕಂತು ತಪ್ಪಿಸೋ ನೆಪ" ಎಂದರು ಇನ್ನು ಕೆಲವರು. ಆ ತಾಯಿ ಕಣ್ಣೀರು ಹಾಕಿಕೊಂಡು ಎದ್ದು ಹೋದರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಎರಡನೆಯ ಬ್ಯಾಟರಿಗೆ ಸಾಲ ಮಂಜೂರು ಮಾಡುವಾಗ ಮೊದಲನೆಯದು ಯಾಕೆ ಹೋಯಿತು ಎಂದು ನಾವು ಯಾರೂ ಕೇಳಿರಲಿಲ್ಲ. ಗಾಡಿಯ ಹತ್ತಿರ ಹೋಗಿ ನೋಡಿರಲಿಲ್ಲ. ಬಿಲ್ಲು ನೋಡಿ ಸಹಿ ಹಾಕಿದ್ದೆವು. ಈ ಸಲ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಲಿತ ನಮ್ಮ ಊರಿನ ಒಬ್ಬ ಯುವಕನನ್ನು ಕರೆದುಕೊಂಡು, ಒಂದು ಮಲ್ಟಿಮೀಟರ್ ಹಿಡಿದುಕೊಂಡು ಹೋದೆವು. ಆ ಎರಡು ದಿನ ನಾವು ಕಲಿತದ್ದೇ ಈ ಪಾಠ.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ಬಿಸಿಲು ಪ್ಯಾನೆಲ್ ಮೇಲೆ ಬಿದ್ದಾಗ ವಿದ್ಯುತ್ ಹುಟ್ಟುತ್ತದೆ. ಅದು ತಂತಿಯ ಮೂಲಕ ಚಾರ್ಜ್ ಕಂಟ್ರೋಲರ್‌ಗೆ, ಅಲ್ಲಿಂದ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿಗೆ ಹೆಚ್ಚು ಚಾರ್ಜ್ ಆಗದ ಹಾಗೆ ಕಂಟ್ರೋಲರ್ ತಡೆಯುತ್ತದೆ. ದೀಪಗಳನ್ನು ಕಂಟ್ರೋಲರ್‌ನ ಲೋಡ್ ಬಿಂದುವಿಗೆ ಜೋಡಿಸಿದ್ದರೆ, ಬ್ಯಾಟರಿ ತೀರಾ ಇಳಿದಾಗ ದೀಪಗಳನ್ನು ಕತ್ತರಿಸಿ ಅದನ್ನು ಉಳಿಸುತ್ತದೆ.

ಸೀಸ-ಆಮ್ಲದ ಬ್ಯಾಟರಿಗೆ ಒಂದು ಗುಣ ಇದೆ. ಅದನ್ನು ಅರ್ಧ ಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಗಟ್ಟಿಯಾದ ಆ ಪದರ ಮತ್ತೆ ಸುಲಭವಾಗಿ ಕರಗುವುದಿಲ್ಲ. ಬ್ಯಾಟರಿಯ ಹೊಟ್ಟೆಯೇ ಚಿಕ್ಕದಾಗುತ್ತದೆ. ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಬೀಳುತ್ತಾ ಹೋದರೆ ಹೊಸ ಬ್ಯಾಟರಿಯೂ ಕೆಡುತ್ತದೆ. ಮೂಲ ದೋಷ ಬೇರೆ ಕಡೆ ಇದ್ದು, ಪೆಟ್ಟು ತಿನ್ನುವುದು ಬ್ಯಾಟರಿ. ಮೂಲ ದೋಷವನ್ನು ಬಿಟ್ಟು ಬ್ಯಾಟರಿ ಮಾತ್ರ ಬದಲಿಸಿದರೆ ಮೂರನೆಯದಕ್ಕೂ ಅದೇ ಗತಿ.

ವಾಹನ ಸ್ಟಾರ್ಟ್ ಮಾಡುವ ಬ್ಯಾಟರಿ ಈ ಕೆಲಸಕ್ಕೆ ಹೇಳಿದ್ದಲ್ಲ. ಅದರ ಪ್ಲೇಟುಗಳು ತೆಳು. ಒಂದು ಕ್ಷಣ ಜೋರಾಗಿ ಶಕ್ತಿ ಕೊಡಲು ಅದನ್ನು ಮಾಡಿರುತ್ತಾರೆ. ರಾತ್ರಿಯಿಡೀ ನಿಧಾನವಾಗಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ.

ಮುಟ್ಟುವ ಮೊದಲು ಎಚ್ಚರಿಕೆ

ಕೈಬಳೆ, ಉಂಗುರ ತೆಗೆದಿಡಿ. ಸೆರಗು ಸಿಕ್ಕಿಸಿಕೊಳ್ಳಿ. ಬಳೆಯೋ ಪಾನವೋ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಒಟ್ಟಿಗೆ ತಗುಲಿದರೆ ಕಿಡಿ ಹಾರಿ ಕೈ ಸುಡುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅದು ಬೆಂಕಿಗೆ ಸಿಡಿಯುತ್ತದೆ. ಆದ್ದರಿಂದ ಹತ್ತಿರ ಬೀಡಿ, ಸ್ಟೋವ್, ಗ್ಯಾಸ್ ಒಲೆ ಬೇಡ. ತಿಂಡಿ ಗಾಡಿಯಲ್ಲಿ ಇದು ಬಹಳ ಮುಖ್ಯ. ಬ್ಯಾಟರಿ ಒಲೆಯಿಂದ ದೂರ, ಗಾಳಿ ಆಡುವ ಜಾಗದಲ್ಲಿ ಇರಲಿ. ಆಸಿಡ್ ಕಣ್ಣಿಗೋ ಮೈಗೋ ಬಿದ್ದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ.

ತಂತಿ ಬಿಚ್ಚುವಾಗ ಮೊದಲು ಪ್ಯಾನೆಲ್ಲಿನದು, ಆಮೇಲೆ ಬ್ಯಾಟರಿಯದು ಬಿಚ್ಚಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಈ ಕ್ರಮ ತಪ್ಪಿದರೆ ಕೆಲವು ಕಂಟ್ರೋಲರ್‌ಗಳು ಹಾಳಾಗುತ್ತವೆ.

ಹಂತ 1: ಬೆಳಗಿನ ನಾಡಿ

ರಾತ್ರಿ ಎಲ್ಲ ಸ್ವಿಚ್ ಆಫ್ ಮಾಡಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಮೀಟರ್ ಡಿ.ಸಿ. 20 ವೋಲ್ಟ್‌ನಲ್ಲಿರಲಿ. ಸೀಸದ ಬ್ಯಾಟರಿಗೆ ಸುಮಾರಾಗಿ ಲೆಕ್ಕ ಹೀಗೆ:

12.7 ವೋಲ್ಟ್: ತುಂಬಿದೆ
12.4 ವೋಲ್ಟ್: ಮುಕ್ಕಾಲು
12.2 ವೋಲ್ಟ್: ಅರ್ಧ
12.0 ವೋಲ್ಟ್: ಕಾಲು
11.8 ಅಥವಾ ಕಡಿಮೆ: ಖಾಲಿ

ಅರ್ಧಕ್ಕಿಂತ ಕೆಳಗೆ ದಿನಾ ಇಳಿಸುವುದು ಒಳ್ಳೆಯದಲ್ಲ. ನಾವು ನೋಡಿದ ಗಾಡಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಇದ್ದದ್ದು 11.7. (ಈಗ ಲಿಥಿಯಂ ಬ್ಯಾಟರಿಗಳೂ ಬಂದಿವೆ. ಅವುಗಳ ಅಂಕಿಗಳು ಬೇರೆ, ಈ ಪಟ್ಟಿ ಅವಕ್ಕೆ ಹೊಂದುವುದಿಲ್ಲ.)

ಹಂತ 2: ಮಧ್ಯಾಹ್ನದ ನಾಡಿ

ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಚಾರ್ಜ್ ಆಗುತ್ತಿದ್ದರೆ ಅಂಕಿ ಏರಲೇಬೇಕು. ದಿನ ಕಳೆದಂತೆ 13.5 ದಾಟಿ, ಬ್ಯಾಟರಿ ತುಂಬುವ ಹೊತ್ತಿಗೆ 14.4ರ ಆಸುಪಾಸಿಗೆ ಬರಬೇಕು. ಬೆಳಿಗ್ಗೆ ಇದ್ದಷ್ಟೇ ಇದ್ದರೆ ಬ್ಯಾಟರಿಗೆ ಏನೂ ಬೀಳುತ್ತಿಲ್ಲ ಎಂದು ತಿಳಿಯಿರಿ. ಆಗ ಬ್ಯಾಟರಿಯನ್ನು ಬಿಟ್ಟು ಮೇಲಿನ ಕಡೆಗೆ ಹುಡುಕಬೇಕು. ನಮ್ಮ ಗಾಡಿಯಲ್ಲಿ ಮಧ್ಯಾಹ್ನ ಇದ್ದದ್ದು 12.1. ಇಷ್ಟರಿಂದಲೇ ಅರ್ಧ ಸತ್ಯ ಹೊರಬಂತು.

ಹಂತ 3: ನೆರಳು ಮತ್ತು ದೂಳು

ಗಾಡಿ ನಿಂತಿದ್ದು ಬೇವಿನ ಮರದ ಕೆಳಗೆ. ಹಂಪಿಯ ಬಂಡೆಗಳ ನಡುವೆ ಬೇಸಿಗೆಯ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಲೆಯ ಮುಂದೆ ದುಡಿಯುವವರು ನೆರಳು ಹುಡುಕುವುದು ಸಹಜ. ಆದರೆ ಮನುಷ್ಯರಿಗೆ ಬೇಕಾದ ನೆರಳೇ ಪ್ಯಾನೆಲ್‌ಗೆ ಶತ್ರು.

"ಸ್ವಲ್ಪ ತಾನೆ ನೆರಳು, ಉಳಿದ ಭಾಗಕ್ಕೆ ಬಿಸಿಲು ಐತಲ್ಲ" ಎಂದು ಗಂಡ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೀಗೆ. ಇಂಥ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 36 ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಣೆಯಾಗಿರುತ್ತವೆ. ಕೆರೆ ಹೂಳೆತ್ತುವಾಗ ಸಾಲಾಗಿ ನಿಂತು ಬುಟ್ಟಿ ಕೈಯಿಂದ ಕೈಗೆ ಕೊಡುತ್ತೀರಲ್ಲ, ಹಾಗೆ. ನಡುವೆ ಒಬ್ಬರು ಕೈಕಟ್ಟಿ ನಿಂತರೆ ಇಡೀ ಸಾಲಿನ ಕೆಲಸ ನಿಲ್ಲುತ್ತದೆ. ನಿಂತವರನ್ನು ಬಿಟ್ಟು ದಾಟಿಸಲು ಪ್ಯಾನೆಲ್ ಹಿಂದೆ ಡಯೋಡ್ ಇರುತ್ತದೆ. ಆದರೆ ಅದು ದಾಟಿಸುವುದು ಅರ್ಧ ಸಾಲನ್ನೇ. ಆಗ ವೋಲ್ಟ್ ಅರ್ಧಕ್ಕೆ ಇಳಿದು 9ರ ಹತ್ತಿರ ಬರುತ್ತದೆ. 9 ವೋಲ್ಟ್ 12 ವೋಲ್ಟಿನ ಬ್ಯಾಟರಿಯೊಳಗೆ ನುಗ್ಗಲಾರದು. ಆದ್ದರಿಂದ ಒಂದು ಕೊಂಬೆಯ ದಟ್ಟ ನೆರಳು ಮೂಲೆಯಲ್ಲಿ ಬಿದ್ದರೂ ಚಾರ್ಜ್ ಹೆಚ್ಚುಕಡಿಮೆ ನಿಂತೇ ಹೋಗಬಹುದು. ತಾಡಪಾಲಿನ ಬಿದಿರು ಗಳ, ಒಣಗಲು ಹಾಕಿದ ಸೀರೆ, ಅಂಗಡಿಯ ಬ್ಯಾನರ್, ಇವೂ ಇದೇ ಕೆಲಸ ಮಾಡುತ್ತವೆ.

ಬಜಾರಿನ ಬೀದಿಯಲ್ಲಿ ಇನ್ನೂ ಒಂದು ವಿಷಯ ಇದೆ. ಪೂರ್ವಕ್ಕೆ ಮತಂಗ ಬೆಟ್ಟ, ಪಶ್ಚಿಮಕ್ಕೆ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ. ಬೆಳಿಗ್ಗೆ ಬೆಟ್ಟದ ಪಕ್ಕಕ್ಕೆ ಬಿಸಿಲು ತಡವಾಗಿ ಬರುತ್ತದೆ, ಸಂಜೆ ಗೋಪುರದ ನೆರಳು ಬೀದಿಗೆ ಚಾಚುತ್ತದೆ. ಗಾಡಿ ನಿಲ್ಲಿಸಲು ಅನುಮತಿ ಇರುವ ಜಾಗದಲ್ಲೇ, ಹತ್ತರಿಂದ ಮೂರರ ತನಕ ಪೂರ್ತಿ ಬಿಸಿಲು ಸಿಗುವ ಮೂಲೆಯನ್ನು ಮೊದಲೇ ನೋಡಿ ಇಟ್ಟುಕೊಳ್ಳಿ. ಜನರಿಗೆ ನೆರಳು ಬೇಕಾದರೆ ಪ್ಯಾನೆಲ್‌ಗಿಂತ ಕೆಳಗೆ, ಗಾಡಿಯ ಪಕ್ಕಕ್ಕೆ ತಾಡಪಾಲು ಕಟ್ಟಿ.

ಇನ್ನು ದೂಳು. ಸಂಡೂರಿನ ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಒಂದೇ ದಿನಕ್ಕೆ ಪ್ಯಾನೆಲ್ ಕೆಂಪಾಗುತ್ತದೆ. ಕಂಪ್ಲಿಯ ಕಡೆ ಭತ್ತದ ಒಕ್ಕಲು ಕಾಲದಲ್ಲಿ ಹೊಟ್ಟಿನ ದೂಳು. ಜೊತೆಗೆ ತಿಂಡಿ ಗಾಡಿಯ ಎಣ್ಣೆ ಹೊಗೆಯ ಜಿಡ್ಡು. ಮುಂಜಾನೆ ಗಾಜು ತಣ್ಣಗಿರುವಾಗ ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಮಣ್ಣು, ತೆಂಗಿನ ನಾರು ಹಾಕಿ ಉಜ್ಜಬೇಡಿ.

ಹಂತ 4: ಪ್ಯಾನೆಲ್ ಕೆಲಸ ಮಾಡುತ್ತಿದೆಯೇ?

ಕಂಟ್ರೋಲರ್‌ನಿಂದ ಪ್ಯಾನೆಲ್‌ನ ತಂತಿ ಬಿಚ್ಚಿ, ಆ ತಂತಿಗಳ ತುದಿಯಲ್ಲಿ ವೋಲ್ಟ್ ನೋಡಿ. 12 ವೋಲ್ಟ್ ವ್ಯವಸ್ಥೆಯ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ 18ರಿಂದ 21 ವೋಲ್ಟ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಅಥವಾ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಜೋಡಣೆ ಬಿಟ್ಟಿದೆ. ಓಡಾಡುವ ಗಾಡಿಯಲ್ಲಿ ಅಲುಗಾಟಕ್ಕೆ ಇದು ಆಗಾಗ ಆಗುತ್ತದೆ.

ವೋಲ್ಟ್ ಮಾತ್ರ ನೋಡಿ ಮೋಸ ಹೋಗಬೇಡಿ. ತೆಳು ನೆರಳಲ್ಲೂ ಪ್ಯಾನೆಲ್ ಹದಿನೆಂಟು ತೋರಿಸಬಹುದು, ಆದರೆ ಆಂಪಿಯರ್ ಇರುವುದಿಲ್ಲ. ನಲ್ಲಿಯಲ್ಲಿ ಒತ್ತಡ ಇದ್ದೂ ನೀರು ಹನಿಹನಿ ಬಂದ ಹಾಗೆ. 100 ವ್ಯಾಟಿನ ಪ್ಯಾನೆಲ್ ಪೂರ್ತಿ ಬಿಸಿಲಲ್ಲಿ 5 ಆಂಪಿಯರ್ ಸುಮಾರು ಕೊಡಬೇಕು. ಆಂಪಿಯರ್ ಅಳೆಯುವ ಕೆಲಸ ತಿಳಿದವರಿಂದಲೇ ಮಾಡಿಸಿ. ಆಂಪಿಯರ್‌ನಲ್ಲಿಟ್ಟ ಮೀಟರನ್ನು ಯಾವ ಕಾರಣಕ್ಕೂ ಬ್ಯಾಟರಿಯ ಎರಡು ಟರ್ಮಿನಲ್‌ಗೆ ನೇರ ಹಿಡಿಯಬಾರದು. ಮರದ ಕೆಳಗೆ ನಮ್ಮ ಗಾಡಿಗೆ 1 ಆಂಪಿಯರ್ ಕೂಡ ಬರುತ್ತಿರಲಿಲ್ಲ. ಗಾಡಿಯನ್ನು ಇಪ್ಪತ್ತು ಅಡಿ ಮುಂದಕ್ಕೆ, ಬಿಸಿಲಿಗೆ ತಂದಾಗ 5 ಬಂತು. ಪ್ಯಾನೆಲ್ ಚೆನ್ನಾಗಿಯೇ ಇತ್ತು.

ಹಂತ 5: ತಂತಿ, ಫ್ಯೂಜು, ಜೋಡಣೆ

ಬಿಸಿಲಿಗೆ ತಂದ ಮೇಲೂ ಬ್ಯಾಟರಿಯ ವೋಲ್ಟ್ ಅಂದುಕೊಂಡಷ್ಟು ಏರಲಿಲ್ಲ. ಆಗ ಯುವಕ ಒಂದು ಸುಲಭ ಉಪಾಯ ತೋರಿಸಿದ. ಕಂಟ್ರೋಲರ್‌ನ ಬ್ಯಾಟರಿ ಬಿಂದುವಿನಲ್ಲಿ ಒಮ್ಮೆ, ಬ್ಯಾಟರಿಯ ಟರ್ಮಿನಲ್ ಮೇಲೆ ಒಮ್ಮೆ ಅಳೆದ. ಮೊದಲನೆಯದು 13.6, ಎರಡನೆಯದು 12.5. ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಮಾಯ! ಇವೆರಡರ ನಡುವೆ ಕಾಲು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ದಾರಿಯಲ್ಲಿ ಸೋರುತ್ತಿದೆ ಎಂದು ಅರ್ಥ.

ಸೋರಿದ್ದು ಎಲ್ಲಿ? ಬ್ಯಾಟರಿಗೆ ಎಳೆದದ್ದು ಮನೆಯ ಬಲ್ಬಿಗೆ ಹಾಕುವ 0.75 ಚದರ ಮಿಲಿಮೀಟರಿನ ತೆಳು ತಂತಿ, ಅದೂ ನಾಲ್ಕು ಮೀಟರ್ ದೂರ. ಹೋಗಿ ಬರುವ ದಾರಿ ಎಂಟು ಮೀಟರ್ ಆಯಿತು. 5 ಆಂಪಿಯರ್ ಅದರಲ್ಲಿ ಹರಿದರೆ ಸುಮಾರು 1 ವೋಲ್ಟ್ ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಜೊತೆಗೆ ಫ್ಯೂಜಿನ ಹಿಡಿಕೆ ಕಪ್ಪಾಗಿತ್ತು, ಟರ್ಮಿನಲ್ ಮೇಲೆ ಬಿಳಿ-ಹಸಿರು ಕಿಲುಬು ಕಟ್ಟಿತ್ತು. ಕಂಟ್ರೋಲರ್ ತನ್ನ ಬಿಂದುವಿನ ವೋಲ್ಟನ್ನೇ ನೋಡುತ್ತದೆ. "14.4 ಆಯಿತು, ಬ್ಯಾಟರಿ ತುಂಬಿತು" ಎಂದುಕೊಂಡು ಕೈ ಬಿಗಿ ಹಿಡಿಯುತ್ತದೆ. ಆ ಕಡೆ ಬ್ಯಾಟರಿ ಹಸಿದೇ ಇರುತ್ತದೆ.

ಇದಕ್ಕೆ ಪರಿಹಾರ ಹೀಗೆ. ಕಂಟ್ರೋಲರನ್ನು ಬ್ಯಾಟರಿಯ ಸಮೀಪಕ್ಕೆ ತನ್ನಿ. ಆದರೆ ಬ್ಯಾಟರಿಯ ನೇರ ಮೇಲೆ ಬೇಡ, ಅನಿಲ ತಾಗುತ್ತದೆ. ಈ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ. ಟರ್ಮಿನಲ್‌ನ ಕಿಲುಬನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ. ತೊಳೆಯುವಾಗ ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬ್ಯಾಟರಿಯ ಹತ್ತಿರವೇ ಫ್ಯೂಜು ಇರಲಿ. ಫ್ಯೂಜು ಇಲ್ಲದ ಗಾಡಿಗೆ ಬೆಂಕಿಯ ಭಯ ಇದೆ.

ಹಂತ 6: ಕಂಟ್ರೋಲರ್

ಕಂಟ್ರೋಲರ್‌ನಲ್ಲಿ ಬ್ಯಾಟರಿಯ ಜಾತಿ ಆರಿಸುವ ಗುಂಡಿ ಇರುತ್ತದೆ: ನೀರು ಹಾಕುವ ಬ್ಯಾಟರಿ, ಮುಚ್ಚಿದ ಬ್ಯಾಟರಿ, ಜೆಲ್, ಲಿಥಿಯಂ. ಇದು ತಪ್ಪಿದ್ದರೆ ಚಾರ್ಜ್ ಕಡಿಮೆಯೋ ಹೆಚ್ಚೋ ಆಗುತ್ತದೆ. ಬ್ಯಾಟರಿಯ ಜೊತೆ ಬಂದ ಚೀಟಿ ನೋಡಿ ಸರಿ ಮಾಡಿ. ಬೇಸಿಗೆಯಲ್ಲಿ ಬ್ಯಾಟರಿ ಕಾದಾಗ ಚಾರ್ಜಿನ ವೋಲ್ಟ್ ಸ್ವಲ್ಪ ಕಡಿಮೆ ಇರಬೇಕು. ಉಷ್ಣತೆ ನೋಡಿ ಹೊಂದಿಸಿಕೊಳ್ಳುವ ಕಂಟ್ರೋಲರ್ ನಮ್ಮ ಭಾಗಕ್ಕೆ ಒಳ್ಳೆಯದು.

ಹಂತ 7: ಬ್ಯಾಟರಿಯ ನೀರು

ಈಗ ಬ್ಯಾಟರಿಯ ಸರದಿ. ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಪ್ಲೇಟು ಗಾಳಿಗೆ ತೆರೆದಿದ್ದರೆ ಆ ಭಾಗ ಕೆಡುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರು, ನಲ್ಲಿ ನೀರು, ಕುಡಿಯುವ ಬಾಟಲಿ ನೀರು ಬೇಡ, ಅದರ ಲವಣ ಪ್ಲೇಟುಗಳಿಗೆ ವಿಷ. ಆಸಿಡ್ ಕೂಡ ಹಾಕಬಾರದು. ಪ್ಲೇಟು ಮುಳುಗುವಷ್ಟು ಮೊದಲು ಹಾಕಿ, ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನ ತನಕ ತುಂಬಿಸಿ.

ಬ್ಯಾಟರಿ ಅಂಗಡಿಯವರ ಹತ್ತಿರ ಹೈಡ್ರೋಮೀಟರ್ ಇರುತ್ತದೆ. ಪೂರ್ತಿ ಚಾರ್ಜ್ ಆದ ಮೇಲೆ ಆರೂ ಸೆಲ್‌ಗಳನ್ನು ನೋಡಿಸಿ. ಆರೂ ಹತ್ತಿರ ಹತ್ತಿರ ಒಂದೇ ಅಂಕಿ ತೋರಿಸಬೇಕು. ಐದು 1.240 ತೋರಿಸಿ ಒಂದು 1.150ರಲ್ಲೇ ನಿಂತರೆ ಆ ಸೆಲ್ ಹೋಗಿದೆ. ಆಗ ಬ್ಯಾಟರಿ ಬದಲಿಸುವುದು ನ್ಯಾಯ. ವಾರಂಟಿ ಕಾರ್ಡು, ಬಿಲ್ಲು ಇದ್ದರೆ ತೆಗೆದುಕೊಂಡು ಹೋಗಿ.

ಹಂತ 8: ಜಮಾ-ಖರ್ಚು

ಸಂಘದ ಲೆಕ್ಕದ ಪುಸ್ತಕ ಬರೆಯುವವರಿಗೆ ಇದು ಸುಲಭ. ವ್ಯಾಟನ್ನು ಗಂಟೆಯಿಂದ ಗುಣಿಸಿ, 12ರಿಂದ ಭಾಗಿಸಿದರೆ ಬ್ಯಾಟರಿಯಿಂದ ಎಷ್ಟು ಎ.ಎಚ್. ಹೋಯಿತು ಎಂದು ಸಿಗುತ್ತದೆ. ಆ ಗಾಡಿಯ ಒಂದು ದಿನದ ಖರ್ಚು:

5 ವ್ಯಾಟಿನ 3 ದೀಪ, 5 ಗಂಟೆ: 6 ಎ.ಎಚ್.
15 ವ್ಯಾಟಿನ ಫ್ಯಾನು, 6 ಗಂಟೆ: 7.5 ಎ.ಎಚ್.
ಮೂರು ಮೊಬೈಲ್: 3 ಎ.ಎಚ್.
500 ವ್ಯಾಟಿನ ಮಿಕ್ಸರ್, ಕಾಲು ಗಂಟೆ, ಇನ್ವರ್ಟರ್ ನಷ್ಟ ಸೇರಿ: 12.5 ಎ.ಎಚ್.
ಇನ್ವರ್ಟರ್ ಸುಮ್ಮನೆ ಆನ್ ಇದ್ದದ್ದಕ್ಕೆ, 0.6 ಆಂಪಿಯರ್, 24 ಗಂಟೆ: 14 ಎ.ಎಚ್.
ಒಟ್ಟು: 43 ಎ.ಎಚ್.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಹಗಲಿಗೆ ಕಾಲು ಗಂಟೆ ಬೇಕಾದ ಇನ್ವರ್ಟರ್ ಹಗಲೂ ರಾತ್ರಿ ಆನ್ ಇತ್ತು. ಎಲ್ಲ ದೀಪಗಳಿಗಿಂತ ಎರಡು ಪಟ್ಟು ಅದೊಂದೇ ಕುಡಿಯುತ್ತಿತ್ತು. ಮೇಲಾಗಿ ಅದನ್ನು ಬ್ಯಾಟರಿಗೆ ನೇರ ಜೋಡಿಸಿದ್ದರಿಂದ, ಕಂಟ್ರೋಲರ್ ದೀಪ ಕತ್ತರಿಸಿದ ಮೇಲೂ ಅದು ಬ್ಯಾಟರಿಯನ್ನು ಹೀರುತ್ತಲೇ ಇತ್ತು.

ಇನ್ನು ಜಮಾ. ಪೂರ್ತಿ ಬಿಸಿಲಿನಲ್ಲಿ 5 ಆಂಪಿಯರ್ ಲೆಕ್ಕಕ್ಕೆ 5 ಗಂಟೆ ಹಿಡಿದರೆ 25 ಎ.ಎಚ್. ಬ್ಯಾಟರಿಗೆ ಹತ್ತು ಹಾಕಿದರೆ ವಾಪಸ್ ಸಿಗುವುದು ಒಂಬತ್ತಕ್ಕಿಂತ ಕಡಿಮೆ. ಹಾಗಾಗಿ ಕೈಗೆ ಬರುವುದು ಸುಮಾರು 22. ಮರದ ಕೆಳಗೆ ಅದರ ಕಾಲು ಭಾಗವೂ ಇಲ್ಲ. 22 ಸಂಪಾದಿಸಿ 43 ಖರ್ಚು ಮಾಡುವ ಮನೆ ಎಷ್ಟು ದಿನ ನಡೆದೀತು?

ನಾವು ಕೂತು ಲೆಕ್ಕ ಸರಿ ಮಾಡಿದೆವು. ಇನ್ವರ್ಟರ್ ಕೆಲಸ ಆದ ತಕ್ಷಣ ಆಫ್: 14 ಉಳಿಯಿತು, ಖರ್ಚು 29. ಚಟ್ನಿಯನ್ನು ಹೊರಡುವ ಮೊದಲು ಮನೆಯಲ್ಲೇ ರುಬ್ಬಿಕೊಳ್ಳುವುದು: ಇನ್ನೂ 12.5 ಉಳಿಯಿತು, ಖರ್ಚು 17ಕ್ಕಿಂತ ಕೆಳಗೆ. ಈಗ 22 ಜಮಾ, 17 ಖರ್ಚು. ದಿನಕ್ಕೆ 5 ಉಳಿತಾಯ. ಮಳೆಗಾಲದ ಮೋಡದ ದಿನ ಜಮಾ ಅರ್ಧಕ್ಕೂ ಇಳಿಯಬಹುದು. ಆ ದಿನ ಫ್ಯಾನು ಬಂದ್, ಒಂದೇ ದೀಪ. ಎರಡು ಮೂರು ದಿನ ಮೋಡ ಬಿಡದಿದ್ದರೆ ಬ್ಯಾಟರಿಗೆ ಹೊಂದುವ ಚಾರ್ಜರ್‌ನಿಂದ ಕರೆಂಟಿನಲ್ಲಿ ಒಮ್ಮೆ ಪೂರ್ತಿ ತುಂಬಿಸಬೇಕು.

ಆಮೇಲೆ ಏನಾಯಿತು?

ತಂತಿ, ಫ್ಯೂಜು, ಡಿಸ್ಟಿಲ್ಡ್ ವಾಟರ್ ಸೇರಿ ಆದ ಖರ್ಚು ಸಾವಿರ ರೂಪಾಯಿಯ ಒಳಗೆ. ಹೊಸ ಬ್ಯಾಟರಿಗೆ ಹತ್ತು ಸಾವಿರದ ಮೇಲೆ ಬೇಕಿತ್ತು. ಬ್ಯಾಟರಿಯನ್ನು ಚಾರ್ಜರ್‌ನಿಂದ ಒಮ್ಮೆ ಪೂರ್ತಿ ತುಂಬಿಸಿ, ದಿನಾ ಬಿಸಿಲಿಗೆ ನಿಲ್ಲಿಸಿದರು. ಮೂರು ವಾರದ ಮೇಲೆ ಬೆಳಗಿನ ನಾಡಿ 12.4 ಬಂತು. ರಾತ್ರಿ ಹತ್ತರವರೆಗೆ ದೀಪ ಉರಿಯುತ್ತಿದೆ.

ಎಲ್ಲವೂ ಮೊದಲಿನ ಹಾಗೆ ಆಯಿತು ಎಂದು ನಾವು ಹೇಳುವುದಿಲ್ಲ. ನಾಲ್ಕು ತಿಂಗಳು ಹಸಿದಿದ್ದ ಬ್ಯಾಟರಿಯ ಶಕ್ತಿ ಸ್ವಲ್ಪ ಶಾಶ್ವತವಾಗಿ ಹೋಗಿದೆ. ಅದರ ಆಯುಷ್ಯವೂ ಕಡಿಮೆಯಾಗಿರುತ್ತದೆ. ಮೊದಲ ದಿನವೇ ಯಾರಾದರೂ ಹೋಗಿ ನೋಡಿದ್ದರೆ ಅದೂ ಉಳಿಯುತ್ತಿತ್ತು.

ಮುಂದಿನ ಸಭೆಯಲ್ಲಿ ಆ ತಾಯಿಯೇ ಎದ್ದು ನಿಂತು ಜಮಾ-ಖರ್ಚನ್ನು ಓದಿ ಹೇಳಿದರು. "ನೆಪ" ಎಂದಿದ್ದ ಸಹೋದರಿ ತಾನೇ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ನಿಂತಿದ್ದ ಕಂತು ಮತ್ತೆ ಶುರುವಾಗಿದೆ. ಬಡವರ ಮಾತನ್ನು ನಂಬುವುದೆಂದರೆ ಕೇಳಿದ ಕೂಡಲೇ ಹಣ ಕೊಡುವುದು ಅಲ್ಲ, ಅವರ ಜೊತೆ ಹೋಗಿ ನೋಡುವುದು ಎಂದು ನಮಗೆ ಅಂದು ಅರಿವಾಯಿತು.

ಸಂಘಗಳಿಗೆ ನಮ್ಮ ಸಲಹೆ

1. ಎರಡನೆಯ ಬ್ಯಾಟರಿಗೆ ಸಾಲ ಕೇಳಿದರೆ, ಬೆಳಗಿನ ಮತ್ತು ಮಧ್ಯಾಹ್ನದ ವೋಲ್ಟನ್ನು ಮೂರು ದಿನ ಬರೆದು ತರಲು ಹೇಳಿ. ಇಬ್ಬರು ಸದಸ್ಯರು ಹೋಗಿ ನೋಡಲಿ.
2. ಪ್ರತಿ ಸಂಘಕ್ಕೆ ಒಂದು ಮಲ್ಟಿಮೀಟರ್ ಇರಲಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಓದುವ ಮಕ್ಕಳಿಗೂ ಕಲಿಸಿ.
3. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ, ಬೀದಿಯ ಗುಜರಿಗೆ ಹಾಕಬೇಡಿ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಬ್ಯಾಟರಿ ಮಾರುವ ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಹಳೆಯ ಬ್ಯಾಟರಿ ಸರಿಯಾದ ಕಡೆ ಸೇರಬೇಕೆಂದು 2001ರಿಂದಲೇ ನಿಯಮ ಇದೆ, 2022ರಲ್ಲಿ ಹೊಸ ನಿಯಮ ಬಂದಿದೆ.
4. ಹೊಸದಾಗಿ ವ್ಯವಸ್ಥೆ ಹಾಕಿಸುವವರು ಮೊದಲು ಖರ್ಚಿನ ಪಟ್ಟಿ ಬರೆದು, ಅದಕ್ಕೆ ತಕ್ಕ ಪ್ಯಾನೆಲ್ ಕೇಳಿ. ಬ್ಯಾಟರಿ ದೊಡ್ಡದು ಹಾಕಿ ಪ್ಯಾನೆಲ್ ಚಿಕ್ಕದು ಹಾಕಿದರೆ ಅದು ಎಂದೂ ತುಂಬುವುದಿಲ್ಲ.

ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಲು ಕರೆ ಕೊಟ್ಟರು. ಬಿಸಿಲು ದೇವರು ಎಲ್ಲರಿಗೂ ಸಮನಾಗಿ ಕೊಟ್ಟದ್ದು. ಅದು ಬಡವರ ಗಾಡಿಯಲ್ಲಿ ರಾತ್ರಿಯ ಬೆಳಕಾಗಿ ನಿಲ್ಲಬೇಕಾದರೆ ನಮ್ಮ ಕಣ್ಣು, ಕೈ, ಲೆಕ್ಕ ಮೂರೂ ಜೊತೆಗಿರಬೇಕು.

ಸಂಘದಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಸೋಲಾರ್ ಸಾಲ ಪಡೆದವರು ಎಷ್ಟು ಮಂದಿ? ಎಷ್ಟು ಜನರ ದೀಪ ಈಗ ಉರಿಯುತ್ತಿದೆ?
2. ಕೆಟ್ಟ ವಸ್ತುವಿಗೆ ಸಾಲದ ಮೇಲೆ ಸಾಲ ಮಾಡಿದ ಅನುಭವ ನಮಗೆ ಇದೆಯೇ? ಮೊದಲೇ ಏನು ನೋಡಬಹುದಿತ್ತು?
3. ಕಂತು ತಪ್ಪಿದ ಸದಸ್ಯರ ಮನೆಗೆ ನಾವು ಹೋಗುವುದು ವಸೂಲಿಗೋ, ಕಾರಣ ತಿಳಿಯುವುದಕ್ಕೋ?
4. ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಮನೆ ಅಥವಾ ಗಾಡಿಯ ಒಂದು ದಿನದ ವಿದ್ಯುತ್ ಜಮಾ-ಖರ್ಚು ಬರೆದು ತನ್ನಿ.